ಮಿರಗದ ಹೊತ್ತಿಗೆ ಹಿಮಗಾಳಿ



ಜೂನ್ ಮೊದಲ ವಾರ ಶಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ನಾವೆಲ್ಲ ಮಿರಗದ ಮಳೆಗಾಗಿ ಮುಗಿಲು ನೋಡುತ್ತಿರುತ್ತೇವೆ. 2024ರಲ್ಲಿ ಅದೇ ವಾರ ಉತ್ತರಾಖಂಡದ ಬೆಟ್ಟದಲ್ಲಿ ನಮ್ಮ ಕನ್ನಡದ ಜನ ಹಿಮಗಾಳಿಗೆ ಸಿಕ್ಕರು. ಆ ಸಂಗತಿಯನ್ನು ಇಂದು ಹೇಳುತ್ತೇನೆ.

ಉತ್ತರಕಾಶಿ, ಟೆಹ್ರಿ ಜಿಲ್ಲೆಗಳ ಗಡಿಯಲ್ಲಿ 4,000 ಮೀಟರಿಗೂ ಎತ್ತರದಲ್ಲಿ ಸಹಸ್ರತಾಲ್ ಎಂಬ ಸರೋವರಗಳಿವೆ. ಮೇ 29ರಂದು 22 ಜನ ಅತ್ತ ಹೊರಟರು. ಕರ್ನಾಟಕದವರು 18, ಮಹಾರಾಷ್ಟ್ರದವರು ಒಬ್ಬರು, ದಾರಿ ತೋರಿಸುವ ಸ್ಥಳೀಯರು ಮೂವರು. ಜೂನ್ 3ರಂದು ಸರೋವರ ನೋಡಿ ಇಳಿಯುವಾಗ ಗಾಳಿ ಎದ್ದಿತು, ಹಿಮ ಸುರಿಯಿತು, ದಾರಿ ಕಾಣದಾಯಿತು. ರಾತ್ರಿಯನ್ನು ಬಯಲಲ್ಲೇ ಕಳೆಯಬೇಕಾಯಿತು. ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು.

ವಾಯುಸೇನೆಯ ಹೆಲಿಕಾಪ್ಟರುಗಳು ಹಾರಿದವು. ಗಡಿಯ ಎರಡೂ ಜಿಲ್ಲೆಗಳ ಕಡೆಯಿಂದ ರಕ್ಷಣಾ ತಂಡಗಳು ಹತ್ತಿದವು. 13 ಜನ ಬದುಕಿ ಬಂದರು. ಗಡಿಯಲ್ಲಿರುವ ನಾವು ಇದನ್ನು ನೆನಪಿಡಬೇಕು.

ನಮ್ಮಲ್ಲಿ ಬೇಸಿಗೆಯಲ್ಲಿ ಬೀಳುವ ಆಲಿಕಲ್ಲು ನೋಡನೋಡುತ್ತಲೇ ಕರಗುತ್ತದೆ. ಅಷ್ಟು ಎತ್ತರದಲ್ಲಿ ಹಾಗಲ್ಲ. ಜೂನಿನಲ್ಲೂ ಮಳೆ ಹಿಮವಾಗಿ ಬೀಳುತ್ತದೆ. ಬಟ್ಟೆ ತೊಯ್ದು ಮೇಲೆ ಗಾಳಿ ಬೀಸಿದರೆ ಮೈಯ ಕಾವು ಇಳಿಯುತ್ತದೆ, ಬುದ್ಧಿ ಮಂಕಾಗುತ್ತದೆ, ಕಾಲು ಏಳುವುದಿಲ್ಲ.

ಈಗ ನಮ್ಮ ಊರುಗಳಿಂದಲೂ ಹುಡುಗರು, ನನ್ನಂಥ ನಿವೃತ್ತರು ಹಿಮಾಲಯಕ್ಕೆ ಹೊರಡುತ್ತಾರೆ. ಬೇಡವೆನ್ನುವುದಿಲ್ಲ, ಹೋಗಿ ಬನ್ನಿ. ಆದರೆ ನಮ್ಮೂರಿನ ಬೇಸಿಗೆಯ ಲೆಕ್ಕ ಅಲ್ಲಿ ನಡೆಯದು. ಮುಗಿಲು ಕೆಟ್ಟರೆ ಸರೋವರ ನೋಡದೆಯೇ ತಿರುಗಿ ಬನ್ನಿ. ಅದು ಅಲ್ಲೇ ಇರುತ್ತದೆ. ಮನೆಯವರು ನಿಮ್ಮ ದಾರಿ ಕಾಯುತ್ತಿರುತ್ತಾರೆ.