‘ಕ್ಯಾಂಪ್’ ಅಂದ್ರ ತಾತ್ಕಾಲಿಕ ಅಲ್ಲೇನು? ಮತ್ತ ಎಪ್ಪತ್ತು ವರ್ಷ ಯಾಕ ಉಳೀತು?

1/8
ಮೊನ್ನೆ ಗೆಳೆಯ ಒಂದು ರೀಲ್ ಕಳಿಸಿದ್ದ. ಎಲ್ಲೋ ಹಿಮ ಬೀಳೋ ದೇಶ. ಗಂಡ ಹೆಂಡ್ತಿ ಇಬ್ಬರೂ ಒಂದು ವ್ಯಾನಿನಾಗ ಇಡೀ ಚಳಿಗಾಲ ಕಳೀತಾರ, ಪಕ್ಕದಾಗ ತಮ್ಮ ಮನಿ ತಾವೇ ಕಟ್ಕೋತಾರ. ಕೆಳಗ ಗೆಳೆಯ ಬರದಿದ್ದ: “ಲೈಫ್ ಅಂದ್ರ ಇದು ನೋಡಲೇ.”

ನನಗ ನೆನಪಾಗಿದ್ದು ನಮ್ಮ ರೋಡು. ನೀರಮಾನ್ವಿಯಿಂದ ಮಾನ್ವಿಗೆ ಹೋಗಿ, ಅಲ್ಲಿಂದ ಪೋತ್ನಾಳ ದಾಟಿ ಸಿಂಧನೂರು ಕಡೆ ಬಸ್ಸಿನಾಗ ಹೋಗ್ರಿ. ಬೋರ್ಡ್ ಓದ್ಕೋತ ಹೋದ್ರ ಆ ಕ್ಯಾಂಪ್, ಈ ಕ್ಯಾಂಪ್ ಅಂತ ಬರ್ತಾನೇ ಇರ್ತಾವ. ಎರಡಂತಸ್ತಿನ ಮನಿ, ಗುಡಿ, ರೈಸ್ ಮಿಲ್ ಎಲ್ಲಾ ಅದಾವ. ಹೆಸರು ಮಾತ್ರ ಕ್ಯಾಂಪ್. ಈ ಸಲದ ಸರಣಿ ಆ ಹೆಸರಿನ ಹಿಂದಿನ ಕಥೆ. ಉದ್ದ ಐತಿ, ಸೇವ್ ಮಾಡ್ಕೊಂಡು ಓದ್ರಿ.

2/8
ಮೊದಲು ನೀರಿನ ಕಥೆ.

ನಮ್ಮದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡು. ಇತಿಹಾಸದ ಪುಸ್ತಕದಾಗ ‘ರಾಯಚೂರು ದೋಆಬ್’ ಅಂತ ಓದೀವಿ. ಇದಕ್ಕಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರ ರಾಯಚೂರು ಯುದ್ಧ ನಡೆದದ್ದೂ ಇಲ್ಲೇ. ಆದರೆ ಎರಡು ಕಡೆ ದೊಡ್ಡ ಹೊಳೆ ಹರಿದರೂ ನಡುವಿನ ಹೊಲ ನಂಬಿಕೊಂಡದ್ದು ಮಳೆಯನ್ನೇ. ಜೋಳ, ಹತ್ತಿ, ಬರ.

ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿಯಲ್ಲಿ. ಆಗ ಹೊಳೆಯ ಬಲಕ್ಕೆ ಮದ್ರಾಸ್ ಪ್ರಾಂತ್ಯ, ಎಡಕ್ಕೆ ನಿಜಾಮರ ಹೈದರಾಬಾದ್. ನಾವು ಎಡಗಡೆಯವರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಆ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರ್ತದ.

ಒಂದು ಮಾತು ಮರೀಬಾರದು. ಈ ನೀರು ನಿಲ್ಲಲು ಆ ಕಡೆ ಹೊಸಪೇಟೆ, ಕೊಪ್ಪಳ ಸುತ್ತಿನ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ಅವರೂ ಎಲ್ಲೋ ಗುಡಿಸಲು ಹಾಕಿಕೊಂಡೇ ಹೊಸ ಮನೆ ಕಟ್ಟಿರಬೇಕಲ್ಲ.

3/8
ನೀರು ಬಂತು. ಆದರೆ ನೀರಾವರಿ ಬೇಸಾಯ ನಮ್ಮ ರೈತರಿಗೆ ಹೊಸದು. ಹೊಲ ಮಟ್ಟ ಮಾಡಬೇಕು, ಬದು ಹಾಕಬೇಕು, ಗೊಬ್ಬರ, ಆಳು. ಎಲ್ಲದಕ್ಕೂ ರೊಕ್ಕ ಬೇಕು. ಬರದಾಗ ಬೆಳೆದ ಮಂದಿ ಕಡೆ ಅದೇ ಇರಲಿಲ್ಲ.

ಅದೇ ಹೊತ್ತಿಗೆ ಕರಾವಳಿ ಆಂಧ್ರದ ಕೃಷ್ಣಾ, ಗುಂಟೂರು, ಗೋದಾವರಿ ಕಡೆಯ ರೈತರು ಇತ್ತ ಬರತೊಡಗಿದರು. ಅವರಿಗೆ ಕಾಲುವೆ ನೀರು, ಭತ್ತ ಎರಡೂ ಹಳೆಯ ವಿದ್ಯೆ. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. 50ರ ದಶಕದಲ್ಲಿ ಶುರುವಾದ ಈ ವಲಸೆ ಮುಂದೆ ದಶಕಗಟ್ಟಲೆ ನಡೆಯಿತು. ಗಂಗಾವತಿ ಹತ್ತಿರದ ಶ್ರೀರಾಮನಗರ, ಸಿಂಧನೂರು ತಾಲ್ಲೂಕಿನ ಗಾಂಧಿನಗರ ಹಿಂಗ ಹುಟ್ಟಿದ ಊರುಗಳು.

ಅವರು ನಮ್ಮ ಹಳೆ ಊರುಗಳೊಳಗ ಮನಿ ಮಾಡಲಿಲ್ಲ. ಯಾಕಂದ್ರ ಭತ್ತದ ಗದ್ದೆ ಕೂಸಿದ್ದಂಗ, ದಿನಾ ನೋಡ್ಕೋಬೇಕು. ರಾತ್ರಿ ಎದ್ದು ನೀರು ಕಟ್ಟಬೇಕು. ಊರು ದೂರ, ಕಾಲುವೆ ಹತ್ತಿರ. ಹಂಗಾಗಿ ಹೊಲದಾಗೇ ಗುಡಿಸಲು ಹಾಕಿದರು. ಮಂದಿ ಅದನ್ನ ‘ಕ್ಯಾಂಪ್’ ಅಂದ್ರು.

4/8
ಈಗ ಆ ರೀಲ್‌ಗೆ ಬರೋಣ. ಗುಡಿಸಲಲ್ಲಿ ಇದ್ದುಕೊಂಡು ಮನೆ ಕಟ್ಟೋದು ಅಂದ್ರೇನು, ಅದೂ ನಮ್ಮ ಎರಿ ಭೂಮಿಯಾಗ?

ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬೇಸಿಗೆಯ ಬಿರುಕಿನಾಗ ಕೈ ಇಳೀತದ. ಮೇಲೆ ಮೇಲೆ ಪಾಯ ಹಾಕಿದರೆ ಎರಡು ವರ್ಷದಲ್ಲಿ ಗೋಡೆ ಸೀಳುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಇಲ್ಲಾ ಎರಿ ತೆಗೆದು ಗರಸು ತುಂಬಬೇಕು. ಮಳೆಗಾಲದಲ್ಲಿ ಈ ಕೆಲಸ ಆಗೋದಿಲ್ಲ. ಗರಸು ತರುವ ಬಂಡಿ ಗಾಲಿ ಕೆಸರಾಗ ಹೂತು ಹೋಗ್ತದ. ಬೇಸಿಗೆ ಬಂದ್ರ ನೀರಿಗೆ ತತ್ವಾರ.

ಉಳಿಯೋದು ಚಳಿಗಾಲ. ಮಳೆ ನಿಂತಿರ್ತದ, ದಾರಿ ಒಣಗಿರ್ತದ, ಮುಂಗಾರಿನ ಬೆಳೆ ಕೊಯ್ದು ಕೈಗೆ ಒಂದಿಷ್ಟು ರೊಕ್ಕ ಬಂದಿರ್ತದ. ಆದರ ಗುಡಿಸಲಾಗ ಮಲಗುವವರಿಗೆ ಅದೇ ಕಷ್ಟದ ಕಾಲ. ಸುತ್ತ ನೀರು ನಿಂತ ಗದ್ದೆ, ಬೆಳಗಿನ ಜಾವದ ಥಂಡಿ, ಸೊಳ್ಳೆ, ಹಾವು. ಅದರಾಗ ಒಂದು ವರ್ಷದ ಬೆಳೆಗೆ ಪಾಯ, ಇನ್ನೊಂದು ವರ್ಷಕ್ಕೆ ಗೋಡೆ, ಮತ್ತೊಂದಕ್ಕೆ ಚಾವಣಿ. ಬೆಳೆ ಕೈಕೊಟ್ಟರ ಎಲ್ಲಾ ಒಂದು ವರ್ಷ ಮುಂದಕ್ಕ. ರೀಲ್‌ನಾಗ ಅರವತ್ತು ಸೆಕೆಂಡಿಗೆ ಮನಿ ಮುಗೀತದ. ಇಲ್ಲಿ ಅದಕ್ಕ ಎಷ್ಟೋ ಚಳಿಗಾಲ ಹಿಡೀತು.

ಜಮೀನಿನವರ ಜೊತೆ ಕೂಲಿ ಮಾಡುವವರೂ ಬಂದರು. ಮಾರಿ ಬರಲು ಅವರ ಕಡೆ ಆಂಧ್ರದಲ್ಲಿ ಎಕರೆ ಇರಲಿಲ್ಲ. ಒಂದೇ ಕ್ಯಾಂಪು, ಒಂದೇ ಚಳಿ. ಒಬ್ಬರ ಗುಡಿಸಲು ಮನೆಯಾಯಿತು, ಇನ್ನೊಬ್ಬರದು ಬಹಳ ಕಾಲ ಗುಡಿಸಲಾಗೇ ಉಳೀತು.

5/8
ಇದನ್ನ ಬರೀ ಸಾಹಸದ ಕಥೆ ಅಂತ ಹೇಳಿದ್ರ ಅರ್ಧ ಸುಳ್ಳು ಹೇಳಿದಂಗ. ನಮ್ಮ ಕಡೆ ಮಂದಿಗೆ ಕ್ಯಾಂಪ್ ಅಂದ್ರ ಸಿಟ್ಟೂ ಐತಿ. ಅದಕ್ಕ ಕಾರಣವೂ ಐತಿ.

ಈ ಕಾಲುವೆ ಮಾಡಿದ್ದು ಭತ್ತಕ್ಕಲ್ಲ. ಬರದ ನಾಡಿನ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ, ಜೋಳ, ಹತ್ತಿಯಂಥ ಬೆಳೆ ಉಳಿಯಲಿ ಅನ್ನೋದು ಯೋಜನೆಯ ಲೆಕ್ಕ. ಭತ್ತಕ್ಕೆ ಬಿಟ್ಟದ್ದು ಸಣ್ಣ ಪಾಲು. ಆದರೆ ಮೇಲಿನ ಭಾಗದಲ್ಲಿ ಭತ್ತ ಹಬ್ಬಿತು. ಮೇಲೆ ಕುಡಿದಷ್ಟು ಕೆಳಗೆ ಕಡಿಮೆ. ಕೆಳಗಿರೋದು ಯಾರು? ಮಾನ್ವಿ, ಸಿರವಾರ, ರಾಯಚೂರು. ಪೀಟರ್ ಮೊಲಿಂಗ ಅನ್ನೋ ನೆದರ್‌ಲೆಂಡ್ಸಿನ ಸಂಶೋಧಕ ಇದೇ ಕಾಲುವೆಯ ನೀರು ಹಂಚಿಕೆ ಮೇಲೆ ಪ್ರಬಂಧ ಬರೆದಿದ್ದಾರೆ, 1998ರಲ್ಲಿ. ಅಷ್ಟು ದೂರದವರಿಗೂ ಅಭ್ಯಾಸದ ವಸ್ತುವಾದ ಜಗಳ ಇದು. ಇವತ್ತಿಗೂ ನಮ್ಮ ಕಡೆ ರೈತರು ಕೇಳೋದು ಒಂದೇ: 104ನೇ ಮೈಲಿನಾಗ ಗೇಜ್ ಎಷ್ಟೈತಿ?

ಆದರ ನೀರು ಹಂಚಬೇಕಾದದ್ದು ಸರ್ಕಾರ. ನೀರು ಎಲ್ಲಿ ನಿಲ್ತದೋ ಅಲ್ಲಿ ಭತ್ತ ಹಚ್ಚಿದವರೊಳಗ ಈಗ ನಮ್ಮವರೂ ಅದಾರ. ಸೋನಾ ಮಸೂರಿ ಅನ್ನ ಎಲ್ಲರೂ ಉಣ್ತೀವಿ. ಕ್ಲಾಸಿನಾಗ ಒಬ್ಬನ್ನ “ಏ ಕ್ಯಾಂಪ್” ಅಂತ ಕೂಗಿದ್ರ 104ನೇ ಮೈಲಿಗೆ ನೀರು ಬರಂಗಿಲ್ಲ.

6/8
‘ಕ್ಯಾಂಪ್’ ಪದದ ಬೇರು ಲ್ಯಾಟಿನ್ನಿನ ‘ಕಾಂಪುಸ್’. ಅರ್ಥ: ಬಯಲು. ಬಯಲಾಗ ಸೈನ್ಯ ಬೀಡುಬಿಟ್ಟರ ಅದೂ ಕ್ಯಾಂಪ್, ಕಾಲುವೆ ಕೆಲಸಕ್ಕೆ ಮಂದಿ ಬಂದು ತಂಗಿದರ ಅದೂ ಕ್ಯಾಂಪ್, ನಿರಾಶ್ರಿತರಿಗೆ ನೆಲೆ ಕೊಟ್ಟರ ಅದೂ ಕ್ಯಾಂಪ್.

ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು ಆ ಕೊನೆಯ ಬಗೆ. ಪೂರ್ವ ಪಾಕಿಸ್ತಾನ, ಅಂದರೆ ಇವತ್ತಿನ ಬಾಂಗ್ಲಾದೇಶ, ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಅಲ್ಲಿ ಪುನರ್ವಸತಿ ಕೊಟ್ಟರು. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರ ವಸತಿಗಳನ್ನೂ ಸುತ್ತಲಿನ ಮಂದಿ ‘ಕ್ಯಾಂಪ್’ ಅಂತಾನೇ ಕರೀತಾರ. ಆಂಧ್ರದಿಂದ ಬಂದವರು ಹೊಲ ಕೊಂಡು ಬಂದರು, ಇವರು ಎಲ್ಲಾ ಬಿಟ್ಟು ಬಂದರು. ನಾವು ಇಬ್ಬರಿಗೂ ಒಂದೇ ಹೆಸರಿಟ್ಟೀವಿ. ಇಲ್ಲೇ ಹುಟ್ಟಿ, ಇಲ್ಲೇ ಕನ್ನಡ ಸಾಲಿ ಕಲಿತ ಮೂರನೇ ತಲೆಮಾರಿನವರಿಗೂ ಅದೇ ಹೆಸರು.

7/8
ನಾವು ಕ್ಯಾಂಪಿನಾಗ ಇರಲೇ ಇಲ್ಲೇನು? ಇದ್ವಿ.

2009. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡಲಿಲ್ಲ. ತುಂಗಭದ್ರಾ ಉಕ್ಕಿ ಮಂತ್ರಾಲಯದ ಮಠದೊಳಗೇ ನೀರು ಹೊಕ್ಕಿತು, ಕರ್ನೂಲು ನಗರ ಮುಳುಗಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು. ಹೊಳೆಸಾಲಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಕುಸಿದವು. ಆ ಚಳಿಗಾಲವನ್ನು ಜನ ತಗಡಿನ ಶೆಡ್‌ಗಳಲ್ಲಿ ಕಳೆದರು. ತಗಡು ಹಗಲು ಕಾಯ್ತದ, ರಾತ್ರಿ ಕೊರೀತದ.

ಸರ್ಕಾರ ‘ಆಸರೆ’ ಯೋಜನೆ ತಂತು. ದಾನಿಗಳು, ಕಂಪನಿಗಳು, ಮಠಗಳು ಸೇರಿ ಎತ್ತರದ ಜಾಗದಲ್ಲಿ ಸಾಲು ಸಾಲು ಮನೆ ಕಟ್ಟಿಸಿದರು. ಆದರೆ ಕೆಲವು ಕಡೆ ಮಂದಿ ಅಲ್ಲಿಗೆ ಹೋಗಲೇ ಇಲ್ಲ. ದನ ಕಟ್ಟಲು ಜಾಗ ಇಲ್ಲ, ಕಣ ಇಲ್ಲ, ಹೊಲ ದೂರ. ಆ ಮನಿ ಖಾಲಿ ಬಿದ್ದು ಜಾಲಿ ಬೆಳೀತು. ಕ್ಯಾಂಪಿನವರು ಹೊಲದ ಹತ್ತಿರ ತಮ್ಮ ಲೆಕ್ಕಕ್ಕ ತಾವು ಕಟ್ಟಿದ್ರು, ಅದು ಊರಾಯ್ತು. ಇಲ್ಲಿ ಇರುವವರನ್ನ ಸರಿಯಾಗಿ ಕೇಳದೇ ಕಟ್ಟಿದ್ರು, ಹಂಗಾಗಿ ಬರೀ ಗೋಡಿ ನಿಂತವು.

8/8
ಕೊನೇದು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಮಾನ್ವಿ, ದೇವದುರ್ಗದ ಬಸ್ ಸ್ಟ್ಯಾಂಡಿನಾಗ ನಿಂತು ನೋಡ್ರಿ. ಗಂಟು, ಮೂಟೆ, ಪಾತ್ರೆ, ಮಡಿಲಾಗ ಕೂಸು. ಗುಳೆ ಹೊಂಟ ಮಂದಿ. ಕಾಲುವೆ ನೀರು ಮುಟ್ಟದ ಹೊಲದವರು, ಹೊಲಾನೇ ಇಲ್ಲದವರು. ಬೆಂಗಳೂರಿನಾಗ ಕಟ್ಟಡದ ಪಕ್ಕ ತಗಡಿನ ಶೆಡ್ ಹಾಕ್ಕೊಂಡು ಚಳಿಗಾಲ ಪೂರ್ತಿ ಮನಿ ಕಟ್ತಾರ. ಮನಿ ಮುಗಿದ ದಿನ ಅವರು ಶೆಡ್ ಕಿತ್ತು ಮುಂದಿನ ಸೈಟಿಗೆ ಹೋಗ್ಬೇಕು. ಅವರ ಜೊತೆ ಹೋದ ಹುಡುಗ್ರ ಹಾಜರಿ ಸಾಲಿಯಾಗ ತಪ್ತದ.

ರೀಲ್‌ನವರ ವ್ಯಾನೂ ಶೆಡ್ಡೇ, ಇವರದೂ ಶೆಡ್ಡೇ. ಫರಕು ಒಂದೇ, ಪಕ್ಕದಾಗ ಏಳೋ ಮನಿ ಯಾರದು ಅನ್ನೋದು. 50ರ ದಶಕದಲ್ಲಿ ಗುಡಿಸಲು ಹಾಕಿದ ರೈತರಿಗೆ ಮನೆ ಸಿಕ್ಕದ್ದು ಚಳಿ ತಡೆದದ್ದಕ್ಕೆ ಮಾತ್ರ ಅಲ್ಲ. ಕಾಲಡಿಯ ನೆಲ ಅವರದಾಗಿತ್ತು, ಆ ನೆಲಕ್ಕೆ ನೀರಿತ್ತು. ಗುಳೆ ಹೋಗೋ ನಮ್ಮ ಮಂದಿಯೂ ಅಷ್ಟೇ ಚಳಿ ತಡೀತಾರ. ಅವರ ಊರಿಗೆ ‘ಕ್ಯಾಂಪ್’ ಅಂತ ಹೆಸರಿಲ್ಲ. ವರ್ಷಕ್ಕ ಆರು ತಿಂಗಳು ಬದುಕೋದು ಮಾತ್ರ ಕ್ಯಾಂಪಿನಾಗೇ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಮುರಿದಾಗ ನೆನಪೈತಲ್ಲ? ಕ್ಯಾಂಪಿನವರಿಗೂ ನಿದ್ದಿ ಇಲ್ಲ, ಊರಿನವರಿಗೂ ನಿದ್ದಿ ಇಲ್ಲ. ಹರಿದು ಹೋಗ್ತಿದ್ದದ್ದು ಇಬ್ಬರ ನೀರೂ ಹೌದು.

ನಿಮ್ಮ ಮನಿ ಅಜ್ಜಿನೋ ಮುತ್ಯಾನೋ ಗುಡಿಸಲಾಗ, ಶೆಡ್ಡಿನಾಗ ಕಳೆದ ಚಳಿಗಾಲ ಐತೇನು? ಇವತ್ತ ಊಟಕ್ಕ ಕುಂತಾಗ ಕೇಳ್ರಿ. ಬರ್ಕೊಂಡು ಇಟ್ಕೋರಿ. ಇಂಥವನ್ನ ನಾವು ಬರೀಲಿಲ್ಲ ಅಂದ್ರ ಯಾರೂ ಬರ್ಯಂಗಿಲ್ಲ.

#ನೀರಮಾನ್ವಿ #ಮಾನ್ವಿ #ಸಿಂಧನೂರು #ರಾಯಚೂರು #ನಮ್ಮೂರಇತಿಹಾಸ