ಲೋಡು ಹಡಗು ಹತ್ತಿತು, ಕತ್ತಿನ ಕಲ್ಲು ಗರಡಿಯಲ್ಲೇ ಉಳಿಯಿತು

ಭುಜ ಅಗಲವಾಗಬೇಕು, ಕತ್ತು ಮಾತ್ರ ಎತ್ತಿನ ಹಿಣಿಲಿನಂತೆ ಉಬ್ಬಬಾರದು ಎಂದರೆ ಹಳೆಯ ಪೈಲ್ವಾನರು ನಕ್ಕಾರು. ಕುಸ್ತಿಯವನಿಗೆ ಕತ್ತೇ ಕಂಬ, ಅದು ಸಣ್ಣಗಿರಲಿ ಎಂದು ಬೇಡುವವನು ಮಟ್ಟಿಗೆ ಇಳಿಯುವುದೇಕೆ? ಆದರೂ ಈ ಬಯಕೆಯನ್ನು ಪೂರೈಸುವ ವಿದ್ಯೆ ಸಿಕ್ಕುವುದು ಆ ನಗುವವರ ಗರಡಿಯಲ್ಲೇ. ಏಕೆಂದರೆ ಗರಡಿ ಭುಜವನ್ನೂ ಕತ್ತನ್ನೂ ಒಂದೇ ಸಾಮಿನಲ್ಲಿ ಕಲಸಲಿಲ್ಲ. ಭುಜಕ್ಕೆ ದಂಡ, ಬೆನ್ನ ಹಿಂದೆ ತಿರುಗಿಸುವ ಮರದ ಲೋಡು, ಗದೆ. ಕತ್ತಿಗೆ ಕಲ್ಲಿನ ಬಳೆ, ಇಲ್ಲವೇ ನೆತ್ತಿಯನ್ನು ನೆಲಕ್ಕೂರಿ ಮೈಯನ್ನು ಕಮಾನು ಮಾಡುವ ಸಾಮು. ಹೀಗೆ ಬೇರ್ಪಡಿಸಿ ನೋಡುವ ಬುದ್ಧಿ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ, ಮಲ್ಲವಿನೋದದ ಭಾಗದಲ್ಲಿ, ಭಾರಶ್ರಮ, ಬಾಹುಪೆಲ್ಲಣಕಶ್ರಮ, ಸ್ತಂಭಶ್ರಮಗಳಿಗೆ ಬೇರೆ ಬೇರೆ ಹೆಸರುಗಳೇ ಇವೆ. ಹೊರುವುದು ಬೇರೆ, ತೋಳಿನಿಂದ ನೂಕುವುದು ಬೇರೆ, ಕಂಬದ ಮೇಲಿನ ಸಾಮು ಬೇರೆ.

ಕತ್ತಿನಿಂದ ಹೆಗಲಿಗೆ ಇಳಿಜಾರಾಗಿ ಬರುವ ಟ್ರೆಪೀಸಿಯಸ್ ಸ್ನಾಯುವಿನ ಮೇಲ್ಭಾಗ ದಪ್ಪವಾಗುವುದು ಹೆಗಲನ್ನು ಕಿವಿಯ ಕಡೆಗೆ ಎತ್ತಿದಾಗ, ಕೈಯಲ್ಲಿ ಭಾರ ಹಿಡಿದು ಜೋತುಬಿಟ್ಟಾಗ. ಹಾಗಾದರೆ ಕೈಯನ್ನು ತಲೆಯ ಮೇಲೆತ್ತುವ ಯಾವ ಕಸರತ್ತಿನಲ್ಲೂ ಅದು ದುಡಿಯಲೇಬೇಕಲ್ಲ ಎಂಬ ಆಕ್ಷೇಪ ಬರುತ್ತದೆ. ಸರಿಯಾದ ಮಾತು. ತೋಳು ಮೇಲೇರಬೇಕಾದರೆ ಹೆಗಲಮೂಳೆ ತಿರುಗಲೇಬೇಕು, ಅದನ್ನು ತಿರುಗಿಸುವವರಲ್ಲಿ ಈ ಸ್ನಾಯುವೂ ಒಬ್ಬ. ಆದರೆ ಒಬ್ಬನೇ ಅಲ್ಲ: ಅದೇ ಸ್ನಾಯುವಿನ ಕೆಳಭಾಗವೂ ಪಕ್ಕೆಲುಬಿಗೆ ಅಂಟಿದ ಸೆರಾಟಸ್ಸೂ ಜೊತೆಗಿವೆ. ದಂಡ ಹೊಡೆಯುವಾಗ ಅಂಗೈ ನೆಲವನ್ನು ಒತ್ತುತ್ತದೆ, ಹೆಗಲಮೂಳೆಯ ದುಡಿಮೆ ಹೆಚ್ಚಾಗಿ ಸೆರಾಟಸ್ಸಿನದು. ಹೆಗಲು ಕಿವಿಗೆ ಏರಬೇಕಾದ ಅಗತ್ಯವೇ ಇಲ್ಲ. ಬೆನ್ನ ಹಿಂದೆ ಲೋಡು ತೂಗುವಾಗ ಭುಜದ ಕೀಲು ಸುತ್ತುತ್ತದೆ, ಹೆಗಲನ್ನು ಬಿಗಿಹಿಡಿದವನ ಲಯ ಮುರಿಯುತ್ತದೆ. ಆದ್ದರಿಂದ ಕತ್ತನ್ನು ಪೂರ್ತಿ ಬಿಡಿಸುವುದು ಸಾಧ್ಯವಿಲ್ಲ, ಅದರ ಪಾಲನ್ನು ಕಡಿಮೆ ಮಾಡುವುದು ಸಾಧ್ಯ. ಮೂಟೆ ಹೊರುವವನ ಹೆಗಲಿಗೂ ಲೋಡು ತಿರುಗಿಸುವವನ ಹೆಗಲಿಗೂ ಇರುವ ವ್ಯತ್ಯಾಸ ಇಷ್ಟೇ.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುವ ಜೆಟ್ಟಿ ಮಲ್ಲನಿಗೆ ಕತ್ತು ಬೇಡವೇ ಎಂದು ಇನ್ನೊಬ್ಬರು ಕೇಳಬಹುದು. ಬೇಕೇ ಬೇಕು. ಅದಕ್ಕೇ ಗರಡಿ ಕತ್ತಿಗೆ ಬೇರೆ ಸಾಮು ಇಟ್ಟಿತು. ಬೇರೆ ಇಟ್ಟಿದ್ದರಿಂದಲೇ ಕುಸ್ತಿ ಬೇಡದವರು ಅದನ್ನು ಬಿಟ್ಟು ಉಳಿದದ್ದನ್ನು ಒಯ್ಯಬಲ್ಲವರಾದರು. ಹಾಗೆ ಒಯ್ದದ್ದಕ್ಕೆ ಸಾಕ್ಷಿ ಕಡಲಾಚೆ ಇದೆ. ಇಲ್ಲಿನ ಸಿಪಾಯಿಗಳು ಲೋಡು ತಿರುಗಿಸುವುದನ್ನು ಕಂಡ ಬ್ರಿಟಿಷ್ ಅಧಿಕಾರಿಗಳು ಅದನ್ನು ತಮ್ಮೂರಿಗೆ ಕೊಂಡೊಯ್ದರು. ಡೊನಾಲ್ಡ್ ವಾಕರ್ 1830ರ ದಶಕದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ವ್ಯಾಯಾಮ ಪುಸ್ತಕ ಬರೆದು ಲೋಡನ್ನು ಮನೆಮಾತಾಗಿಸಿದ. ವಿಕ್ಟೋರಿಯಾ ಕಾಲದ ಹೆಂಗಸರಿಗೆ ಬೇಕಾಗಿದ್ದದ್ದು ನೆಟ್ಟನೆಯ ನಿಲುವು, ತೆರೆದ ಎದೆ, ಪೈಲ್ವಾನನ ಕತ್ತಲ್ಲ. ಲೋಡು ಹಡಗು ಹತ್ತಿತು, ಕತ್ತಿನ ಕಲ್ಲು ಹತ್ತಲಿಲ್ಲ.

ನಮ್ಮಲ್ಲೇ ಈ ಆಯ್ಕೆಯನ್ನು ಮಾಡಿದವರು ಕೆ.ವಿ. ಅಯ್ಯರ್. ಕನ್ನಡ ಓದುಗರಿಗೆ ಅವರು ‘ಶಾಂತಲಾ’ ಕಾದಂಬರಿಯ ಕರ್ತೃ. ಬೆಂಗಳೂರಿಗೆ ವ್ಯಾಯಾಮಶಾಲೆಯ ಗುರು. ಕಬ್ಬಿಣದ ಭಾರವನ್ನೂ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ತಂದ ಅವರ ಗುರಿ ಎದುರಾಳಿಯಲ್ಲ, ಮೈಕಟ್ಟಿನ ಅಂದ. ಅಂದವೆಂದರೆ ಕತ್ತು ತೆಳ್ಳಗಿರಬೇಕೆಂದಲ್ಲ. ಆ ಕಾಲದ ಅಂಗಸಾಧಕರ ಗ್ರೀಕ್ ಲೆಕ್ಕದಲ್ಲಿ ಕತ್ತು, ತೋಳು, ಮೀನಖಂಡಗಳ ಸುತ್ತಳತೆ ಒಂದೇ ಆಗಬೇಕಿತ್ತು. ಅಂದರೆ ಕತ್ತಿಗೂ ಒಂದು ಅಳತೆ ಬಂತು, ಇಷ್ಟೇ ಸಾಕು ಎನ್ನುವ ಗೆರೆ ಬಂತು. ಕುಸ್ತಿಯಲ್ಲಿ ಅಂಥ ಗೆರೆ ಇರಲಿಲ್ಲ.

ಹಡಗು ಹತ್ತಿದ ಲೋಡನ್ನು ತಿರುಗಿಸುವುದು 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪದಕದ ಸ್ಪರ್ಧೆಯಾಯಿತು. ಕಲ್ಲು ಇಲ್ಲೇ ಉಳಿಯಿತು: ಗಾಮಾ ಪೈಲ್ವಾನ ಬಸ್ಕಿ ಹೊಡೆಯಲು ಬಳಸುತ್ತಿದ್ದ 95 ಕಿಲೋ ತೂಕದ ಕಲ್ಲಿನ ಬಳೆ ಪಟಿಯಾಲದ ಕ್ರೀಡಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.