ದೂರದ ಮಾತಿನ ದಾರಿಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವನ್ನು ದಾಟಿ ನೆಲಮಂಗಲದ ಕಡೆಗೆ ಸಾಗುವಾಗ ಮಾದನಾಯಕನಹಳ್ಳಿಯೆಂಬ ಊರು ಸಿಕ್ಕುವುದು. ಹಿಂದೆ ಹೊಲಗಳ ನಡುವೆ ಇದ್ದ ಈ ಗ್ರಾಮವು ಈಗ ಕಾರ್ಖಾನೆಗಳ, ಉಗ್ರಾಣಗಳ, ಬಾಡಿಗೆಯ ಮನೆಗಳ ಊರಾಗಿರುವುದು. ಕೆಲಸವನ್ನರಸಿ ದೂರದೂರದಿಂದ ಬಂದವರು ಇಲ್ಲಿ ನೆಲಸಿರುವರು. ಸಂಜೆ ಪಾಳಿ ಬಿಡುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಒಬ್ಬನು ಊರಿನಲ್ಲಿರುವ ತಾಯಿಯೊಡನೆಯೂ, ಇನ್ನೊಬ್ಬನು ಹೆಂಡತಿಯೊಡನೆಯೂ, ಮತ್ತೊಬ್ಬನು ಸಾಲ ಕೊಟ್ಟವನೊಡನೆಯೂ ಮಾತಾಡುತ್ತ ನಡೆಯುವುದನ್ನು ಕಾಣಬಹುದು. ಅಂಗೈಯಷ್ಟಗಲದ ಈ ಯಂತ್ರವಿಲ್ಲದೆ ಮನುಷ್ಯನು ಬಾಳಬಲ್ಲನೆ ಎಂಬ ಪ್ರಶ್ನೆಯನ್ನು ಎತ್ತುವುದಕ್ಕೆ ಇದು ತಕ್ಕ ಸ್ಥಳವೇ ಸರಿ.

ಈ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ‘ನಮ್ಮ ತಂದೆತಾತಂದಿರು ಬಾಳಲಿಲ್ಲವೆ?’ ಎಂದು ಹಿರಿಯರು ಕೇಳುವರು. ‘ಅದಿಲ್ಲದೆ ಒಂದು ದಿನವೂ ಸಾಗದು’ ಎಂದು ಕಿರಿಯರು ಹೇಳುವರು. ಇವೆರಡರಲ್ಲಿಯೂ ಅರ್ಧರ್ಧ ಸತ್ಯವುಂಟೆಂಬುದು ಈ ಲೇಖಕನಿಗೆ ಆ ಊರಿನ ಕಚೇರಿಯೊಂದರ ಕಿಟಕಿಯ ಮುಂದೆ ಮನವರಿಕೆಯಾಯಿತು. ಒಬ್ಬ ವೃದ್ಧೆಯು ತನ್ನ ಕಾಗದಪತ್ರಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿ ತಂದಿದ್ದಳು. ‘ನಿಮ್ಮ ಫೋನಿಗೆ ಓಟಿಪಿ ಬಂದಿರುತ್ತೆ ಅಜ್ಜಿ, ಆ ನಂಬರು ಹೇಳಿ’ ಎಂದನು ಕಿಟಕಿಯೊಳಗಿನ ತರುಣ. ‘ಫೋನು ಮಗನ ತಾವ ಐತೆ ಕಣಪ್ಪ, ಅವ್ನು ಪಾಳಿಗೆ ಹೋಗವ್ನೆ’ ಎಂದಳು ಆಕೆ. ತರುಣನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಆದರೂ ವೃದ್ಧೆಯು ಬಂದ ಕೆಲಸವಾಗದೆ ಹಿಂದಿರುಗಿದಳು. ಆಕೆಯ ತಾಯಿಗೆ ಬಾರದಿದ್ದ ಈ ಕಷ್ಟವು ಆಕೆಗೇಕೆ ಬಂದಿತು? ಇದನ್ನು ತಿಳಿಯಬೇಕಾದರೆ ನಮ್ಮ ನಾಡಿನಲ್ಲಿ ದೂರದ ಮಾತು ನಡೆದುಬಂದ ದಾರಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುವುದು.

ಮೈಸೂರು ಸೀಮೆಯಲ್ಲಿ ಅಂಚೆಯ ಕ್ರಮವಾದ ವ್ಯವಸ್ಥೆಯನ್ನು ಏರ್ಪಡಿಸಿದ ಕೀರ್ತಿಯು ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರಿಗೆ ಸಲ್ಲುವುದು. ಆ ಅಂಚೆಗೆ ಕಾಗದವನ್ನು ಮುಟ್ಟಿಸುವುದೊಂದೇ ಕೆಲಸವಾಗಿರಲಿಲ್ಲ. ಅಲ್ಲಲ್ಲಿಯ ಅಂಚೆಯ ಅಧಿಕಾರಿಗಳು ತಮ್ಮ ತಮ್ಮ ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಗುಟ್ಟಾಗಿ ಅರಸರಿಗೆ ತಿಳಿಸಬೇಕಾಗಿದ್ದಿತು. ಮಾತನ್ನು ಹೊತ್ತೊಯ್ಯುವ ಕೈಗೆ ಕಿವಿಯೂ ಇರುವುದೆಂಬ ಸಂಗತಿಯು ನಮ್ಮ ಕಾಲದ ಯಂತ್ರಗಳೊಡನೆ ಹೊಸದಾಗಿ ಹುಟ್ಟಿದುದಲ್ಲವೆಂದು ಇದರಿಂದ ತಿಳಿಯುವುದು. ಈ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಕೂಡಿಹೋಯಿತು. ಹಳ್ಳಿಯಲ್ಲಿ ಅಕ್ಷರ ಬಲ್ಲವರು ವಿರಳವಾಗಿದ್ದ ಆ ದಿನಗಳಲ್ಲಿ, ಬಂದ ಕಾಗದವನ್ನು ಅಂಚೆಯವನೋ ಶಾಲೆಯ ಮೇಷ್ಟರೋ ಓದಿ ಹೇಳುತ್ತಿದ್ದರು. ಓದಲು ಬಾರದವನಿಗೂ ಕಾಗದವು ಮುಟ್ಟುತ್ತಿದ್ದಿತು. ಏಕೆಂದರೆ ಕಾಗದಕ್ಕೂ ಅವನಿಗೂ ನಡುವೆ ಒಬ್ಬ ಮನುಷ್ಯನಿದ್ದನು.

ಅಂಚೆಯ ಬಳಿಕ ತಂತಿಯು ಬಂದಿತು. ಹಿಂದೂಸ್ಥಾನದಲ್ಲಿ 1855ರಲ್ಲಿ ಸಾರ್ವಜನಿಕರಿಗೆ ದೊರೆತ ಈ ಸೌಕರ್ಯವು 2013ರ ಜುಲೈ ತಿಂಗಳಿನಲ್ಲಿ ನಿಂತುಹೋಯಿತು. ಒಂದೊಂದು ಪದಕ್ಕೂ ಹಣ ತೆರಬೇಕಾಗಿದ್ದುದರಿಂದ ತಂತಿಯು ಜನರಿಗೆ ಮಿತಭಾಷೆಯನ್ನು ಕಲಿಸಿತು. ಮದುವೆ, ಹಬ್ಬ, ಪರೀಕ್ಷೆಯ ಜಯ ಮುಂತಾದ ಸಂದರ್ಭಗಳಿಗೆ ಇಲಾಖೆಯವರೇ ಹಾರೈಕೆಯ ವಾಕ್ಯಗಳನ್ನು ಸಿದ್ಧಪಡಿಸಿ ಒಂದೊಂದಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದರು. ಸಂಖ್ಯೆಯನ್ನು ಬರೆದರೆ ಹಾರೈಕೆಯು ಮುಟ್ಟುತ್ತಿದ್ದಿತು. ಹಳ್ಳಿಗಳಲ್ಲಿ ಮಾತ್ರ ‘ತಂತಿ ಬಂತು’ ಎಂದೊಡನೆ ಮನೆಯವರ ಎದೆ ನಡುಗುತ್ತಿದ್ದಿತು. ಒಡೆಯುವುದಕ್ಕೆ ಮೊದಲೇ ಅಳು ಹೊರಡುತ್ತಿದ್ದುದೂ ಉಂಟು. ಅವಸರವೆಂಬುದಕ್ಕೆ ಅಂದು ಅಷ್ಟು ತೂಕವಿದ್ದಿತು. ಇಂದು ನಿಮಿಷಕ್ಕೊಮ್ಮೆ ಮೊಳಗುವ ಗಂಟೆಯು ಆ ತೂಕವನ್ನು ಕಳೆದುಬಿಟ್ಟಿರುವುದು.

ಅಮೆರಿಕದ ಬೆಲ್ಲನು 1876ರಲ್ಲಿ ಹಕ್ಕುಪತ್ರ ಪಡೆದ ಟೆಲಿಫೋನು ಆರೇ ವರ್ಷಗಳಲ್ಲಿ, ಎಂದರೆ 1882ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸು ಪಟ್ಟಣಗಳಿಗೆ ಬಂದಿತು. ಈ ಯಂತ್ರದಲ್ಲಿ ಮೊದಲ ಮಾತು ಏನಿರಬೇಕೆಂಬುದೇ ಒಂದು ಚರ್ಚೆಯಾಗಿದ್ದಿತು. ನಾವಿಕರ ಕೂಗಾದ ‘ಅಹಾಯ್’ ಇರಲೆಂದು ಬೆಲ್ಲನೂ, ‘ಹಲೋ’ ಇರಲೆಂದು 1877ರಲ್ಲಿ ಎಡಿಸನ್ನನೂ ಹೇಳಿದರು. ಎಡಿಸನ್ನನ ಮಾತೇ ನಿಂತಿತು. ನಮ್ಮ ಅಜ್ಜಿಯರು ಕೂಡ ‘ಹಲೋ’ ಎನ್ನುವುದಕ್ಕೆ ಕಾರಣವಿದು. ಯಂತ್ರವು ಬಂದೊಡನೆ ಅದರ ಮರ್ಯಾದೆಯೂ ಬರುವುದಿಲ್ಲ, ಜನರು ಕೂಡಿ ಅದನ್ನು ಕಟ್ಟಿಕೊಳ್ಳಬೇಕಾಗುವುದೆಂಬುದಕ್ಕೆ ಇದು ಮೊದಲ ನಿದರ್ಶನ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರಕಾರಿ ಕಾರ್ಖಾನೆಯು ಸ್ಥಾಪಿತವಾಯಿತು. ದೇಶದ ಮನೆಮನೆಗಳ ಟೆಲಿಫೋನು ಯಂತ್ರಗಳು ಅಲ್ಲಿ ತಯಾರಾದುವು; ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ‘ದೂರವಾಣಿನಗರ’ವೆಂಬ ಅಚ್ಚುಕಟ್ಟಾದ ಹೆಸರು ದೊರೆಯಿತು. ಆದರೆ ದೂರವಾಣಿಯು ತಯಾರಾಗುವ ಊರಿನಲ್ಲಿಯೂ ಅದಕ್ಕಾಗಿ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಆಗ ಬೀದಿಗೊಂದು ಫೋನಿದ್ದರೆ ಅದೇ ದೊಡ್ಡ ಮಾತು. ಮದುವೆಯ ಕರೆಯೋಲೆಗಳಲ್ಲಿಯೂ ಅಂಗಡಿಯ ಚೀಟಿಗಳಲ್ಲಿಯೂ ನೆರೆಮನೆಯ ಸಂಖ್ಯೆಯನ್ನು ಬರೆದು ಮುಂದೆ ‘ಪಿ.ಪಿ.’ ಎಂಬ ಎರಡಕ್ಷರವನ್ನು ಸೇರಿಸುವ ವಾಡಿಕೆಯಿದ್ದುದು ನಡುವಯಸ್ಸು ದಾಟಿದ ವಾಚಕರಿಗೆ ನೆನಪಿರಬಹುದು. ಕರೆ ಬಂದರೆ ಫೋನಿನ ಮನೆಯ ಹುಡುಗನು ಓಡಿಹೋಗಿ ಪಕ್ಕದವರನ್ನು ಕರೆತರುತ್ತಿದ್ದನು. ಬಂದವರು ಕೆರವನ್ನು ಹೊರಗೆ ಬಿಟ್ಟು, ತಗ್ಗಿದ ದನಿಯಲ್ಲಿ ನಾಲ್ಕು ಮಾತಾಡಿ, ‘ತೊಂದರೆ ಕೊಟ್ಟೆವು’ ಎಂದು ಹೇಳಿ ಹೋಗುತ್ತಿದ್ದರು. ಮನೆಯವರು ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದರು. ಇದಾವುದನ್ನೂ ಯಾವ ಕಾಯಿದೆಯೂ ವಿಧಿಸಿರಲಿಲ್ಲ. ಎರವಲು ತಂದ ವಸ್ತುವಿನ ವಿಷಯದಲ್ಲಿ ನಮ್ಮ ಜನ ತೋರುತ್ತಿದ್ದ ಸಂಕೋಚವೇ ಅಲ್ಲಿಯ ಕಾಯಿದೆಯಾಗಿದ್ದಿತು.

ಹಳ್ಳಿಗೆ ದೂರವಾಣಿಯನ್ನು ಮುಟ್ಟಿಸುವ ಕಾರ್ಯದಲ್ಲಿ ಕರ್ಣಾಟಕದ ಹೆಸರು ಚಿರವಾಗಿ ನಿಲ್ಲುವುದು. 1984ರಲ್ಲಿ ಸ್ಥಾಪಿತವಾದ ‘ಸಿ-ಡಾಟ್’ ಎಂಬ ಸರಕಾರಿ ಸಂಶೋಧನಾ ಸಂಸ್ಥೆಯು, ಧೂಳಿಗೂ ಸೆಕೆಗೂ ಅಳುಕದ, ತಂಪುಗೊಳಿಸುವ ಯಂತ್ರವನ್ನು ಬೇಡದ ಚಿಕ್ಕದೊಂದು ಎಕ್ಸ್‌ಚೇಂಜನ್ನು ರಚಿಸಿತು. 128 ತಂತಿಗಳ ಆ ಗ್ರಾಮೀಣ ಎಕ್ಸ್‌ಚೇಂಜು ಮೊಟ್ಟಮೊದಲು 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ ನಿಂತಿತು. ಇದಾದ ಬಳಿಕ ಹಳದಿಯ ಹಲಗೆಯ ಎಸ್‌ಟಿಡಿ ಬೂತುಗಳು ಹೆದ್ದಾರಿಗಳ ಉದ್ದಕ್ಕೂ ತಲೆಯೆತ್ತಿದುವು. ರಾತ್ರಿ ದರ ಇಳಿಯುವ ಹೊತ್ತಿಗೆ ಜನರು ಸಾಲಾಗಿ ನಿಲ್ಲುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳು ಓಡುತ್ತಿರಲು, ಹೊರಗಿನವರು ಕಾಯುತ್ತಿರಲು, ಮಾತು ತಾನಾಗಿಯೇ ಹ್ರಸ್ವವಾಗುತ್ತಿದ್ದಿತು. ಫೋನನ್ನು ಕೊಳ್ಳಲಾರದವನಿಗೂ ಒಂದು ರೂಪಾಯಿಗೆ ಫೋನು ದೊರೆಯುತ್ತಿದ್ದ ಆ ಕಾಲವನ್ನು ನಾವು ಬಡತನದ ಕಾಲವೆಂದು ಮಾತ್ರ ನೆನೆಯುವುದು ಸರಿಯಲ್ಲ.

ಕೈಯಲ್ಲಿ ಹಿಡಿದು ನಡೆಯುವ ಫೋನಿನಿಂದ ಮೊದಲ ಕರೆಯನ್ನು 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರನು ಮಾಡಿದನು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮರೊಡನೆ ಮಾತಾಡಿದರು. ಕನ್ನಡದಲ್ಲಿ ಇದಕ್ಕೆ ‘ಜಂಗಮವಾಣಿ’ ಎಂದು ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು. ಸ್ಥಾವರವಾಗಿದ್ದುದು ಚಲಿಸತೊಡಗಿತೆಂಬ ಅರ್ಥವು ಆ ಒಂದೇ ಮಾತಿನಲ್ಲಿ ಅಡಗಿರುವುದು. ಮೊದಮೊದಲು ಕರೆ ಮಾಡಿದವನಂತೆ ಕರೆಯನ್ನು ಕೇಳಿದವನೂ ಹಣ ತೆರಬೇಕಾಗಿದ್ದಿತು; ಬರುವ ಕರೆಗಳು ಉಚಿತವಾದುದು 2003ರಲ್ಲಿ. ಆಗ ಜನರೇ ಒಂದು ಉಪಾಯವನ್ನು ರೂಢಿಗೆ ತಂದರು. ಎರಡು ಸಲ ಗಂಟೆ ಬಾರಿಸಿ ನಿಲ್ಲಿಸಿದರೆ ‘ಮನೆಗೆ ಮುಟ್ಟಿದೆ’ ಎಂದೂ, ಒಂದು ಸಲ ಬಾರಿಸಿದರೆ ‘ನೀನೇ ಕರೆ ಮಾಡು’ ಎಂದೂ ತಂತಮ್ಮಲ್ಲಿಯೇ ಒಪ್ಪಂದ ಮಾಡಿಕೊಂಡರು. ಒಂದು ಕಾಸೂ ಇಲ್ಲದೆ, ಒಂದು ಅಕ್ಷರವೂ ಇಲ್ಲದೆ ಮಾತಾಡಿದ ಈ ‘ಮಿಸ್ಡ್ ಕಾಲ್’ ಎಂಬುದು ಬಡವರು ಕಟ್ಟಿದ ತಂತಿಯ ಭಾಷೆಯೆಂದು ಹೇಳಿದರೆ ತಪ್ಪಾಗಲಾರದು.

ಇಲ್ಲಿಯವರೆಗಿನ ಕಥೆಯಲ್ಲಿ ಒಂದು ದಾರಿಯು ತೆರೆದಾಗ ಹಳೆಯ ದಾರಿಯು ಒಡನೆ ಮುಚ್ಚಿಹೋಗಲಿಲ್ಲ. ತಂತಿಯಿದ್ದಾಗ ಅಂಚೆಯಿದ್ದಿತು, ಫೋನಿದ್ದಾಗ ತಂತಿಯಿದ್ದಿತು. ಜಂಗಮವಾಣಿಯ ಕಾಲದಲ್ಲಿ ಮಾತ್ರ ಹಾಗಾಗಲಿಲ್ಲ. ಬೂತುಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದುವು, ತಂತಿಯು ನಿಂತಿತು. 2016ರಲ್ಲಿ ಯುಪಿಐ ಪಾವತಿಯು ಬಂದಿತು; ಅಂಗಡಿಯ ಚಿಲ್ಲರೆ, ಬ್ಯಾಂಕಿನ ಲೆಕ್ಕ, ಸರಕಾರದ ನೆರವು, ಗುರುತಿನ ಸಾಕ್ಷಿ ಎಲ್ಲವೂ ಬರಬರುತ್ತ ಆ ಒಂದೇ ಯಂತ್ರದೊಳಗೆ ಸೇರಿದುವು. ಮಾತಾಡುವುದಕ್ಕೆಂದು ಬಂದುದು ಬಾಗಿಲಿನ ಬೀಗದ ಕೈಯಾಯಿತು. ವೃದ್ಧೆಯ ತಾಯಿಗೆ ಈ ಕಷ್ಟವಿರಲಿಲ್ಲವೇಕೆಂಬುದಕ್ಕೆ ಉತ್ತರವಿದೇ. ಫೋನಿಲ್ಲದ ಬಾಳು ತಾನಾಗಿ ಅಸಾಧ್ಯವಾಗಲಿಲ್ಲ. ಮಿಕ್ಕ ಬಾಗಿಲುಗಳನ್ನು ಮುಚ್ಚಿ ನಾವೇ ಅದನ್ನು ಅಸಾಧ್ಯವಾಗಿಸುತ್ತಿರುವೆವು.

ಬಾಗಿಲನ್ನು ಮರಳಿ ತೆರೆಯಬಹುದೆಂಬುದಕ್ಕೂ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠವು ಫೋನಿಗೆ ಇಳಿಯಿತು. ಆಗ ಕರ್ಣಾಟಕ ಸರಕಾರವು ‘ವಿದ್ಯಾಗಮ’ವೆಂಬ ಕಾರ್ಯಕ್ರಮವನ್ನು ಆರಂಭಿಸಿ, ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಫೋನಿರುವ ಮಕ್ಕಳು, ಯಾವ ಫೋನೂ ಇಲ್ಲದ ಮಕ್ಕಳು ಎಂದು ವಿಂಗಡಿಸಿತು. ಮಕ್ಕಳಿದ್ದಲ್ಲಿಗೆ ಉಪಾಧ್ಯಾಯರೇ ಹೋಗಿ, ದೇವಸ್ಥಾನದ ಜಗಲಿಯಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಲ್ಲಬೇಕಾಯಿತಾದರೂ, ಫೋನಿಲ್ಲದವರು ಎಣಿಕೆಯಲ್ಲಿ ಉಂಟೆಂದು ಒಪ್ಪಿ ಅವರಿಗಾಗಿ ದಾರಿಯೊಂದನ್ನು ಹುಡುಕಿದ ಆ ನಡೆಯು ಸ್ಮರಣೀಯವಾದುದು.

ಇನ್ನು ಫೋನಿನ ಮರ್ಯಾದೆಯ ವಿಷಯ. ಎರವಲು ಫೋನಿನ ಕಾಲದ ಸಂಕೋಚವು ಸ್ವಂತ ಫೋನಿನ ಕಾಲದಲ್ಲಿ ಸಡಿಲಿತು. ಅದರ ಸ್ಥಾನದಲ್ಲಿ ಆಜ್ಞೆಗಳು ಬರಬೇಕಾಯಿತು. ಬಸ್ಸಿನಲ್ಲಿ ಒಬ್ಬನ ಹಾಡನ್ನು ಐವತ್ತು ಮಂದಿ ಕೇಳಬೇಕಾದ ಪಾಡನ್ನು ಕಂಡು, ಉಚ್ಚ ನ್ಯಾಯಾಲಯದ ಆದೇಶವನ್ನನುಸರಿಸಿ, 2021ರ ನವೆಂಬರಿನಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸುಗಳಲ್ಲಿ ಮೊಬೈಲಿನ ಧ್ವನಿಯನ್ನು ಹೊರಗೆ ಕೇಳಿಸುವುದನ್ನು ನಿಷೇಧಿಸಿತು. ಮಾತು ಕೇಳದ ಪ್ರಯಾಣಿಕನನ್ನು ಇಳಿಸುವ ಅಧಿಕಾರವೂ ಕಂಡಕ್ಟರಿಗೆ ದೊರೆಯಿತು. ಆಜ್ಞೆಯಿಲ್ಲದೆ ಜನರೇ ಕಟ್ಟಿಕೊಂಡ ಕಟ್ಟುಪಾಡೂ ಉಂಟು. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದವರು 2022ರ ಆಗಸ್ಟಿನಲ್ಲಿ, ಸಂಜೆ 7 ಗಂಟೆಗೆ ದೇವಾಲಯದ ಸೈರನ್ನು ಕೂಗಿದೊಡನೆ ಮನೆಮನೆಯಲ್ಲಿಯೂ ಟಿವಿ, ಮೊಬೈಲುಗಳನ್ನು ಒಂದೂವರೆ ಗಂಟೆ ಬದಿಗಿಡುವ ನಿಯಮವನ್ನು ಆರಂಭಿಸಿದರು. ಆ ಹೊತ್ತು ಮಕ್ಕಳ ಓದಿಗೂ ಮನೆಯವರ ಮಾತುಕತೆಗೂ ಮೀಸಲಾಯಿತು. ಫೋನಿಲ್ಲದೆ ಬಾಳಬಹುದೆ ಎಂಬ ಪ್ರಶ್ನೆಗೆ ಒಂದು ಊರು ಕೂಡಿ ಕೊಟ್ಟ ಉತ್ತರವಿದು: ಎಲ್ಲರೂ ಒಟ್ಟಿಗೆ ಬಿಟ್ಟರೆ ಬಿಡುವುದು ಸುಲಭ, ಒಬ್ಬನೇ ಬಿಡಹೊರಟರೆ ಕಷ್ಟ.

ಹೀಗಿರುವಲ್ಲಿ ಮಾದನಾಯಕನಹಳ್ಳಿಯಂತಹ ಊರಿನಲ್ಲಿ ನಾವು ಉಳಿಸಿಕೊಳ್ಳಬೇಕಾದ ಮರ್ಯಾದೆ ಯಾವುದು? ಎದುರಿಗೆ ಕುಳಿತವನ ಮಾತನ್ನು ತುಂಡರಿಸಿ ದೂರದವನಿಗೆ ಕಿವಿಗೊಡದಿರುವುದು. ಕರೆ ಮಾಡಿದೊಡನೆ ‘ಬಿಡುವಿದೆಯೆ?’ ಎಂದು ಕೇಳುವುದು. ಲಾರಿಗಳು ಧಾವಿಸುವ ಈ ಹೆದ್ದಾರಿಯಲ್ಲಿ ವಾಹನ ನಡೆಸುತ್ತ ಫೋನು ಹಿಡಿಯದಿರುವುದು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದವನ ಗೋಡೆಯಾಚೆ ಗಟ್ಟಿಯಾಗಿ ಮಾತಾಡದಿರುವುದು. ಇವೆಲ್ಲ ಫೋನಿದ್ದವರು ಫೋನಿದ್ದವರಿಗೆ ಸಲ್ಲಿಸುವ ಮರ್ಯಾದೆಗಳು. ಇವಕ್ಕಿಂತ ದೊಡ್ಡದು, ಫೋನಿಲ್ಲದವರಿಗೆ ಸಲ್ಲಬೇಕಾದುದು. ಕಿಟಕಿಯ ಬಳಿ ಕಾಗದವನ್ನು ಓದಿ, ಮುಖವನ್ನು ನೋಡಿ, ಕೆಲಸವನ್ನು ಮಾಡಿಕೊಡುವ ಒಬ್ಬ ಮನುಷ್ಯನು ಪ್ರತಿಯೊಂದು ಕಚೇರಿಯಲ್ಲಿಯೂ ಇರಬೇಕು. ಓದಲು ಬಾರದವನಿಗೆ ಅಂದಿನ ಅಂಚೆಯವನು ಮಾಡುತ್ತಿದ್ದುದು ಇದನ್ನೇ.

ಆ ವೃದ್ಧೆಯು ಮರುದಿನ ಮಗನ ರಜೆ ಹಾಕಿಸಿ ಕರೆತಂದಳೆಂದು ಬಳಿಕ ತಿಳಿಯಿತು. ಅವಳ ಕೆಲಸವೇನೋ ಆಯಿತು. ಆದರೆ ಮಗನ ಒಂದು ದಿನದ ಕೂಲಿ ಹೋಯಿತು. ನಮ್ಮ ಸೌಕರ್ಯದ ಲೆಕ್ಕವನ್ನು ಬರೆಯುವಾಗ ಆ ಒಂದು ದಿನದ ಕೂಲಿಯನ್ನೂ ಖರ್ಚಿನ ಕಡೆಗೆ ಹಾಕುವುದನ್ನು ನಾವು ಮರೆಯಬಾರದು.